ಅಲುಗಾಡದ ಮುಳ್ಳು

ಕನ್ನಡಕ ಒತ್ತಿ ಒತ್ತಿ ನಮ್ಮ ಶಿಫ್ಟಿನ ಸಾಹೇಬರ ಮೂಗಿನ ಎರಡೂ ಬದಿಗೆ ಕಪ್ಪು ಗುಳಿ ಬಿದ್ದಿದ್ದವು. ಅಣು ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಮೂವತ್ತು ವರ್ಷ ಮೀಟರಿನ ಮುಳ್ಳು ನೋಡುತ್ತಾ ಕೂತ ಗುರುತು ಅದು. ಅವರು ಮುಳಬಾಗಿಲು ಕಡೆಯ ಬೈರಕೂರಿನವರು, ನಾನು ಅದೇ ಜಿಲ್ಲೆಯ ಟೇಕಲ್‌ನವನು. ಊರಿನಿಂದ ಅಷ್ಟು ದೂರದಲ್ಲಿ, ಕನ್ನಡಕ್ಕೆ ತೆಲುಗು ಬೆರೆಸಿ ಬೈಯುವ ಹಿರಿಯರು ಸಿಕ್ಕಿದ್ದೇ ನನ್ನ ಪುಣ್ಯ.

ಹೊಸದರಲ್ಲಿ ನನಗೊಂದು ಅರ್ಥವಾಗುತ್ತಿರಲಿಲ್ಲ. ರಿಯಾಕ್ಟರ್ ಸರಿಯಾಗಿಯೇ ಓಡುತ್ತಿದ್ದರೂ ಅದರೊಳಗಿನ ನ್ಯೂಟ್ರಾನ್ ಎಣಿಸುವ ಮೀಟರಿನ ಮುಳ್ಳು ಯಾಕೆ ಸದಾ ಸಣ್ಣಗೆ ನಡುಗುತ್ತದೆ?

"ಒಳಗೆ ಅಣು ಒಡೆಯೋದು ಒಲೆ ಮೇಲೆ ಅನ್ನ ಕುದ್ದಂಗೆ ಕಣಪ್ಪ. ಯಾವ ಗುಳ್ಳೆ ಯಾವಾಗ ಒಡೆಯುತ್ತೆ ಅಂತ ಯಾರು ಹೇಳ್ತಾರೆ? ಕುದೀತಾ ಇರೋವರೆಗೂ ಅಲ್ಲಾಡ್ತಾನೇ ಇರುತ್ತೆ. ಜಾಸ್ತಿ ಕುಣಿದ್ರೂ ನನ್ನ ಕರಿ, ಸುಮ್ನಾದ್ರೂ ಕರಿ" ಎಂದಿದ್ದರು ಸಾಹೇಬರು.

ಗಂಟೆಗೊಮ್ಮೆ ಅಂಥ ಮೂರು ಮೀಟರು ಓದಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಒಂದು ಮಧ್ಯಾಹ್ನ, ಊಟವಾದ ಮೇಲೆ, ಸಾಕುಸಾಕಾಗಿತ್ತು. ಎರಡನೆಯ ಮುಳ್ಳು ಹಿಂದಿನ ಅಂಕಿಯಲ್ಲೇ ಇದ್ದಂತಿತ್ತು. ಮೇಲಿನ ಸಾಲನ್ನೇ ಕೆಳಗಿಳಿಸಿ "ಸರಿಯಿದೆ" ಎಂದು ಸಹಿ ಹಾಕಿದೆ. ಮುಂದಿನ ಗಂಟೆಯೂ ಹಾಗೇ ಮಾಡಿದೆ. ಸಾಹೇಬರು ಬಂದು ಪುಸ್ತಕ ನೋಡಿದರು, ಆಮೇಲೆ ಎರಡನೆಯ ಮೀಟರಿನ ಮುಂದೆ ನಿಂತರು. ಮುಳ್ಳು ಒಂದಿಷ್ಟೂ ಅಲ್ಲಾಡಲಿಲ್ಲ. ಮೀಟರು ಕೆಟ್ಟು ಹಳೆಯ ಅಂಕಿಯಲ್ಲೇ ಕಚ್ಚಿಕೊಂಡಿತ್ತು.

"ಒಳಗೆ ಏನೇ ಆಗಿದ್ರೂ ಇದು ಹೇಳ್ತಿರಲಿಲ್ಲ. ಮೂರು ಜನ ಕಾವಲುಗಾರರಲ್ಲಿ ಒಬ್ಬ ಸತ್ತು ಎರಡು ಗಂಟೆ ಆಯ್ತು. ನೀನು ಚೆನ್ನಾಗಿದ್ದಾನೆ ಅಂತ ಬರೆದಿದೀಯ."

ಕೆಲಸ ಹೋಯಿತೆಂದೇ ಹೆದರಿದೆ. "ಆ ಎರಡು ಸಾಲೂ ಹೊಡೆದುಹಾಕ್ಲಾ ಸಾಹೇಬ್ರೇ?" ಎಂದೆ.

"ಬೇಡ. ಕೆಳಗೆ ಬರಿ, ದಣಿದಿದ್ದೆ, ನೋಡದೆ ಬರೆದೆ ಅಂತ. ದಣಿಯೋದು ತಪ್ಪಲ್ಲಪ್ಪ. ಇನ್ಮೇಲೆ ಮೊದಲೇ ಹೇಳು."

ಬರೆದೆ. ಸಾಹೇಬರು ಅದರ ಕೆಳಗೆ ತಾವೂ ಸಹಿ ಮಾಡಿ, ಮೇಲಿನವರ ಮುಂದೆ ನನ್ನ ಜೊತೆ ನಿಂತು ಬೈಸಿಕೊಂಡರು. ಆ ದಿನ ನನಗಾದ ನಾಚಿಕೆ ಇವತ್ತಿಗೂ ಆರಿಲ್ಲ.

ನಿವೃತ್ತರಾಗಿ ಬೈರಕೂರಿಗೆ ಮರಳಿದ ಮೇಲೂ ಫೋನೆತ್ತಿದ ಕೂಡಲೇ ಕೇಳುತ್ತಿದ್ದದ್ದು "ಅಲ್ಲಾಡ್ತಾ ಇದೆಯಾ?" ಎಂದೇ. ಹೋದ ತಿಂಗಳು ಆ ನಂಬರಿನಿಂದ ಅವರ ಮಗಳು ಮಾತಾಡಿದರು. ರೈಲು, ಬಸ್ಸು ಹಿಡಿದು ಹೋಗಿ, ಮಾವಿನ ತೋಪಿನ ಪಕ್ಕದ ಖಬರಸ್ತಾನದಲ್ಲಿ ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದೆ.

ಬಂದವನೇ ಡ್ಯೂಟಿಗೆ ಹೋದೆ. ಮೂರೂ ಮುಳ್ಳುಗಳು ನಡುಗುತ್ತಿದ್ದಂತೆ ಕಂಡವು. ನಡುಗುತ್ತಿದ್ದದ್ದು ಮುಳ್ಳೋ, ನನ್ನ ಕಣ್ಣೋ ತಿಳಿಯಲಿಲ್ಲ. ಪುಸ್ತಕ ತೆರೆದು "ದಣಿದಿದ್ದೇನೆ, ಬೇರೆಯವರು ನೋಡಲಿ" ಎಂದು ಬರೆದು, ಸಹಿ ಹಾಕಿ, ಕುರ್ಚಿ ಬಿಟ್ಟೆದ್ದೆ.