ಡಿಸ್ಕೋ ಹಾಡಲು ಹೋಗಿ

ಇಪ್ಪತ್ತು ವರ್ಷ ಫಂಕ್ ಎಂಬ ಪಾಶ್ಚಾತ್ಯ ಶೈಲಿಯಲ್ಲಿ ಹಾಡಿದವನು ನಾನು. ಬಾಗಲಗುಂಟೆಯ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಮಂಗಳವಾರ ನಮ್ಮ ತಂಡದ ಅಭ್ಯಾಸ. ಫಂಕ್‌ನಲ್ಲಿ ಹಾಡುವವನು ತಾಳದ ಮೇಲೇ ಬೀಳಬಾರದು, ಒಂದೆಳೆ ಹಿಂದೆ ಉಳಿದು ಬರಬೇಕು. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬೀಗುತ್ತಿದ್ದೆ. ಕೇಳುವವರು ತಲೆದೂಗುತ್ತಿದ್ದರು, ಕುರ್ಚಿ ಬಿಟ್ಟು ಮಾತ್ರ ಒಬ್ಬರೂ ಏಳುತ್ತಿರಲಿಲ್ಲ.

ಹಾಗಾಗಿ ಡಿಸ್ಕೋ ಹುಚ್ಚು ಹತ್ತಿತು. ಜನ ಕುಣಿಯಬೇಕು, ಅಷ್ಟೇ. ಸಹಕಾರನಗರದ ಅಪಾರ್ಟ್‌ಮೆಂಟೊಂದರ ರಾಜ್ಯೋತ್ಸವಕ್ಕೆ ಕನ್ನಡದಲ್ಲೇ ಡಿಸ್ಕೋ ಹಾಡುತ್ತೇನೆಂದು ಒಪ್ಪಿಕೊಂಡೆ. ತಾಳಕ್ಕೆ ಲ್ಯಾಪ್‌ಟಾಪ್ ಸಾಕು ಎನಿಸಿತು. ಮೊದಲ ದಿನದಿಂದ ಜೊತೆಗಿದ್ದ ಡ್ರಮ್ಮರ್ ಗೆಳೆಯನಿಗೆ ‘ಈ ಸಲ ನೀನು ಬೇಡ’ ಎಂದು ವಾಟ್ಸಾಪ್ ಮಾಡಿದೆ. ಎದುರಿಗೆ ಹೇಳಲು ಧೈರ್ಯ ಬರಲಿಲ್ಲ. ಆಮೇಲೆ ಅವನು ಮಂಗಳವಾರಗಳಿಗೂ ಬರಲಿಲ್ಲ. ಹೋದರೆ ಹೋಗಲಿ ಎಂದುಕೊಂಡರೂ, ಇವನನ್ನು ಕಳೆದುಕೊಂಡುಬಿಟ್ಟೆನಾ ಎಂಬ ಭಯ ಒಳಗೇ ಚುಚ್ಚುತ್ತಿತ್ತು.

ಕಾರ್ಯಕ್ರಮದ ಸಂಜೆ ಲ್ಯಾಪ್‌ಟಾಪ್ ಧಿಂ ಧಿಂ ಎಂದು ಶುರುಮಾಡಿತು. ರೂಢಿಯಂತೆ ನಾನು ಹಿಂದೆ ಉಳಿದೆ. ಹಾಳಾದ್ದು, ಅದು ಮುಂದೆ ಹೋಗೇಬಿಟ್ಟಿತು! ಮನೆಯ ಅಭ್ಯಾಸದಲ್ಲಿ ತಪ್ಪಿದಾಗಲೆಲ್ಲ ಲ್ಯಾಪ್‌ಟಾಪ್ ನಿಲ್ಲಿಸಿ ಮತ್ತೆ ಹಿಡಿಯುತ್ತಿದ್ದೆ, ಇಲ್ಲಿ ನಿಲ್ಲಿಸುವ ಹಾಗಿಲ್ಲ. ಅವಸರದಲ್ಲಿ ಅರ್ಧ ಸಾಲು ನುಂಗಿದೆ. ಕುಣಿಯಲು ಎದ್ದಿದ್ದ ಆಂಟಿಯರು ಮುಖ ಮುಖ ನೋಡಿಕೊಂಡರು. ಮರ್ಯಾದೆ ಮೂರಾಬಟ್ಟೆ.

ಆಗ ಡ್ರಮ್ಮರ್ ಕಂಡ. ಕರೆಯದಿದ್ದರೂ ಬಂದಿದ್ದ. ವೇದಿಕೆಯ ಮುಂದೆ ನಿಂತು, ನಾನು ಬಾಯಿ ತೆರೆಯಬೇಕಾದ ಕಡೆಯಲ್ಲೆಲ್ಲ ಸ್ವಲ್ಪ ಮುಂಚೆಯೇ ಗಲ್ಲ ಎತ್ತಿ ಸನ್ನೆ ಮಾಡಿದ, ಜೋರಾಗಿ ಚಪ್ಪಾಳೆ ತಟ್ಟಿದ. ಅದನ್ನು ಹಿಡಿದು ಹಾಡಿದೆ. ಆಂಟಿಯರು ಅದೂ ಡಿಸ್ಕೋದ ಭಾಗವೆಂದುಕೊಂಡು, ಅವನ ಜೊತೆ ಚಪ್ಪಾಳೆ ತಟ್ಟುತ್ತ ಕುಣಿದೇ ಕುಣಿದರು.

ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಅವನ ಕೈ ಹಿಡಿದುಕೊಂಡೆ. “ತಪ್ಪಾಯ್ತು ಕಣೋ. ಇವತ್ತು ಯಾಕೆ ಹಿಂಗೆ ಲೇಟಾದ್ನೋ ಗೊತ್ತಿಲ್ಲ.”

“ಇವತ್ತಾ? ಇಪ್ಪತ್ ವರ್ಷದಿಂದ ಲೇಟೇ ಗುರು ನೀನು. ನಾನು ಕಾಯ್ತಿದ್ದೆ, ಲ್ಯಾಪ್‌ಟಾಪ್ ಕಾಯ್ಲಿಲ್ಲ.”

ನಾಚಿಕೆಯಿಂದ ಕುಗ್ಗಿಹೋದೆ. ಮಂಗಳವಾರ ಬಾ ಎಂದೆ. ಯಶವಂತಪುರದ ಇನ್ನೊಂದು ತಂಡ ಸೇರಿಬಿಟ್ಟಿದ್ದಾನಂತೆ.

“ಅಲ್ಲಿ ಹಾಡೋನು ಹೆಂಗೆ?” ಹೊಟ್ಟೆಕಿಚ್ಚಿನಿಂದಲೇ ಕೇಳಿದೆ.

“ಕರೆಕ್ಟಾಗಿ ಬರ್ತಾನೆ,” ಎಂದು ಹೆಲ್ಮೆಟ್ ಹಾಕಿಕೊಂಡ. “ನಂಗೆ ಕಾಯೋ ಕೆಲ್ಸಾನೇ ಇಲ್ಲ. ಯಾಕೋ ಅಲ್ಲಿ ಮನಸ್ಸೇ ಅಂಟ್ತಿಲ್ಲ ಕಣೋ.”