ದಸರೆಗೂ ಬೀಗ ಹಾಕದ ಹಾಸ್ಟೆಲ್

ಏಪ್ರಿಲ್ ಕೊನೆಯ ಸೋಮವಾರ ಬೆಳಿಗ್ಗೆ ಹುಣಸೂರಿನಲ್ಲಿ ಕೆ.ಆರ್. ನಗರದ ಬಸ್ಸು ಹತ್ತಿದೆವು, ನಾನು ಮತ್ತು ಮೊಮ್ಮಗಳು ಚೈತ್ರ. ಆಧಾರ್ ತೋರಿಸಿದರೆ ಹೆಂಗಸರಿಗೆ ಬಸ್ಸು ಉಚಿತ. ಎರಡು ದಿನದಲ್ಲಿ ಎರಡು ವಸತಿ ಶಾಲೆ ನೋಡಿ, ಒಂದನ್ನು ಗೊತ್ತು ಮಾಡಿಕೊಂಡೇ ಬರುವುದೆಂದು ಹೊರಟಿದ್ದೆ.

ಚೈತ್ರ ಈಗ ಒಂಬತ್ತಕ್ಕೆ. ಅವಳಪ್ಪ, ನನ್ನ ಮಗ ಮಹೇಶ, ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯುತ್ತಾನೆ. ಮುರಿದು ತಂದ ಸೊಪ್ಪನ್ನು ಕೋಲುಗಳಿಗೆ ಕಟ್ಟಿ, ಬ್ಯಾರನ್ ಎನ್ನುವ ಒಣಗಿಸುವ ಮನೆಯಲ್ಲಿ ತೂಗುಹಾಕಿ, ಬೆಂಕಿಯ ಕಾವಿನಲ್ಲಿ ಹದ ಮಾಡಬೇಕು. ಕಟ್ಟುವುದರಲ್ಲಿ ಚೈತ್ರಳ ಕೈ ಬಲು ಚುರುಕು. ಅದೇ ಅವಳಿಗೆ ಮುಳುವಾಗಿತ್ತು. ಹೋದ ವರ್ಷ ಹುಣಸೂರಿನಲ್ಲಿ ನನ್ನ ಮನೆಯಲ್ಲೇ ಇಟ್ಟುಕೊಂಡು ಓದಿಸಿದೆ. ದಸರೆ ರಜೆಗೆಂದು ಬೈಕಿನಲ್ಲಿ ಕರೆದೊಯ್ದ ಮಹೇಶ ದೀಪಾವಳಿ ಕಳೆದರೂ ಕಳಿಸಲಿಲ್ಲ. ಹುಡುಗಿ ಗಣಿತದಲ್ಲಿ ಬಿದ್ದೇಹೋದಳು. ಇನ್ನೊಂದು ವರ್ಷ ಹೀಗಾದರೆ ಹತ್ತನೆಯ ತರಗತಿ ದಾಟಲಾರಳು. ನಾನು ನರ್ಸ್ ಆಗಿ ನಿವೃತ್ತಳಾದವಳು. ಗಾಯದಲ್ಲಿ ಕೀವು ತುಂಬುವವರೆಗೆ ಕಾಯುವ ಅಭ್ಯಾಸ ನನಗಿಲ್ಲ.

ಕೆ.ಆರ್. ನಗರದ ಶಾಲೆ ನಾಲೆಯ ಪಕ್ಕದಲ್ಲಿತ್ತು. ದೊಡ್ಡ ಪುಸ್ತಕದ ಕೋಣೆ, ಥ್ರೋಬಾಲ್ ಅಂಗಳ. ಮಂಚಗಳ ಮೇಲೆ ಹೊದಿಕೆಗಳನ್ನು ಒಂದೇ ಸಮ ಮಡಚಿಟ್ಟದ್ದು ಕಂಡು ನಾನು ಅರ್ಧ ಒಪ್ಪಿದೆ. ಚೈತ್ರ ಪೂರಾ ಒಪ್ಪಿದ್ದಳು. ದಸರೆ ರಜೆಯಲ್ಲಿ ಏನು ಮಾಡುತ್ತೀರಿ ಎಂದು ಅಲ್ಲಿನ ಮೇಲ್ವಿಚಾರಕರನ್ನು ಕೇಳಿದೆ.

"ಬೀಗ ಹಾಕ್ತೀವಿ ಕಣಮ್ಮ. ಮಕ್ಕಳಿಗೂ ಮನೆ ನೋಡ್ಬೇಕು ಅನ್ಸಲ್ವಾ?"

ವಂದನೆ ಹೇಳಿ ಎದ್ದೆ. ನಾಲೆಯ ಏರಿಯ ಮೇಲೆ ಕುಳಿತು ಚಿತ್ರಾನ್ನ ತಿಂದೆವು. ಚೈತ್ರ ಮುಖ ಊದಿಸಿಕೊಂಡಿದ್ದಳು. "ನೀನ್ ನೋಡಕ್ ಬಂದಿರೋದು ಸ್ಕೂಲ್ನೋ ಬೀಗನೋ?"

"ಬೀಗ," ಎಂದೆ.

ರಾತ್ರಿ ಹುಣಸೂರಿನಲ್ಲೇ ಮಲಗಿ, ಮಂಗಳವಾರ ಎಚ್.ಡಿ. ಕೋಟೆಗೆ ಹೊರಟೆವು. ಗುರುಪುರದಲ್ಲಿ ಹತ್ತಿದ ಟಿಬೆಟನ್ ಮುದುಕಿಯೊಬ್ಬರು ತಮ್ಮ ಕೋಸಿನ ಚೀಲವನ್ನು ನನ್ನ ಕಾಲ ಮೇಲೆಯೇ ಇಟ್ಟು, "ಸ್ವಲ್ಪ ಇಟ್ಕೊಳ್ಳಿ ಅಮ್ಮ, ಕೋಸು ಕಚ್ಚಲ್ಲ," ಎಂದರು. ಚೈತ್ರ ಆ ದಿನ ಮೊದಲ ಸಲ ನಕ್ಕಳು.

ಕೋಟೆಯ ಶಾಲೆಗೆ ಶೀಟಿನ ಛಾವಣಿ. ಬಿಸಿಲು ಜೋರಾಗಿತ್ತು. ಪುಸ್ತಕಗಳೆಲ್ಲ ಒಂದೇ ಬೀರುವಿನಲ್ಲಿ. ಕಕ್ಕಸು ನೋಡಿದೆ, ತೊಳೆದಿತ್ತು. ಮಕ್ಕಳ ಸಾಲಿನಲ್ಲೇ ಕೂತು ಮುದ್ದೆ, ಹುರುಳಿ ಸಾರು ಉಂಡೆ. ಉಪ್ಪು ಹದವಾಗಿತ್ತು. ಬಡಿಸುತ್ತಿದ್ದವರು ವಾರ್ಡನ್ ಲಕ್ಷ್ಮಮ್ಮ, ಎನ್. ಬೇಗೂರಿನ ಕಡೆಯವರು. ಅವರಿಗೂ ಅದೇ ಪ್ರಶ್ನೆ ಹಾಕಿದೆ.

"ಇಲ್ಲಿ ಸುಮಾರು ಮಕ್ಕಳ ಅಪ್ಪ ಅವ್ವ ಕೊಡಗಿನ ತೋಟಕ್ಕೆ ಕೂಲಿಗೋಗಿರ್ತಾರೆ. ಮನೇಲೇ ಬೀಗ. ಅದ್ಕೆ ನಾವ್ ಹಾಕಲ್ಲ. ರಜೇಲೂ ಪಾಠ ನಡೀತದೆ, ಈ ಬೇಸ್ಗೆ ರಜೇಲೂ ನೋಡ್ತಿದ್ದೀರಲ್ಲ."

ಚೈತ್ರ ತಟ್ಟೆಯಿಂದ ತಲೆಯೆತ್ತಿದಳು. "ಅಪ್ಪ ಬಂದು ಕೇಳಿದ್ರೂ ಕಳ್ಸಲ್ವಾ, ಮಿಸ್?"

"ಕಳ್ಸಲ್ಲ ಕಣವ್ವ. ಸೇರ್ಸುವಾಗ್ಲೇ ಅವ್ರ ಕೈಲಿ ಒಪ್ಗೆ ಬರೆಸ್ಕೊಂಡು ರುಜು ಹಾಕಿಸ್ಕೊತೀವಿ."

ಅವಳು ಬಾಗಿಲಾಚೆಯ ಧೂಳಿನ ಅಂಗಳವನ್ನು ನೋಡುತ್ತ ಕೂತಳು. ನಾನು ಅವಸರಪಡಿಸಲಿಲ್ಲ. ಕೈ ತೊಳೆದು ಬಂದು, "ಇಲ್ಲೇ ಇರ್ತೀನಿ," ಎಂದಳು.

ಉಳಿದದ್ದು ಮಹೇಶ. ಅಂಗಳದಿಂದಲೇ ಫೋನು ಮಾಡಿದೆ.

"ಓದ್ಲಿ ಕಣವ್ವ, ಬ್ಯಾಡ ಅಂದೋರ್ಯಾರು? ಆದ್ರೆ ದಸರೇಲೂ ಕಳ್ಸದಿದ್ರೆ ಸೊಪ್ಪು ಕಟ್ಟೋರ್ಯಾರು? ಆಳು ಎಲ್ಲವ್ರೆ?"

"ನಾನು ಕಟ್ತೀನಿ."

"ನೀನಾ? ಅದೇನು ಇಂಜೆಕ್ಷನ್ ಚುಚ್ಚಿದಂಗೆ ಅಂದ್ಕಂಡಾ?"

"ಕಲೀತೀನಿ. ಸೊಪ್ಪು ಮುರಿಯೋ ಕಾಲಕ್ಕೆ ಬಂದು ನಿನ್ನ ಮನೇಲೇ ಇರ್ತೀನಿ. ನೀನು ನಾಳೆ ಇಲ್ಲಿಗೆ ಬಂದು ರುಜು ಹಾಕು."

"ಆಯ್ತು ಬುಡು, ಬತ್ತೀನಿ," ಎಂದ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೈತ್ರ ಜಡೆಯ ರಿಬ್ಬನ್ ಬಿಚ್ಚಿ, ನನ್ನ ಕೊಡೆಯನ್ನು ಕೋಲಿನಂತೆ ಅಡ್ಡ ಹಿಡಿದು, ಗಂಟು ಹಾಕುವ ಬಗೆ ತೋರಿಸಿದಳು. ಎಡಕ್ಕೊಂದು ಸೊಪ್ಪಿನ ಕುಚ್ಚು, ಬಲಕ್ಕೊಂದು, ನಡುವೆ ದಾರ ತಿರುಚಬೇಕು. ನಾನು ಹಾಕಿದ್ದು ಜಾರಿತು.

"ಇಂಗ್ ಕಟ್ಟಿದ್ರೆ ಸೊಪ್ಪೆಲ್ಲ ಬೆಂಕಿಗ್ ಬೀಳ್ತದೆ ಕಣಜ್ಜಿ. ಬಿಚ್ಚು, ಇನ್ನೊಂದ್ ಸಲ ಹಾಕು."

ಹುಣಸೂರು ಬರುವವರೆಗೂ ಬಿಡಲಿಲ್ಲ.