ಶುಕ್ರವಾರ ಕೊಟ್ಟ ಸೆಗಣಿ

ನಾನು ಕೆಲಸ ಮಾಡುವುದು ಮಾಲೂರಿನ ಒಂದು ಸಣ್ಣ ಫ್ಯಾಕ್ಟರಿಯಲ್ಲಿ. ಬೀರು ತೆಗೆದ ಮೇಲೆ ಉಳಿಯುವ ಬಾರ್ಲಿ ಚರಟವನ್ನು ಗಾಳಿಯಾಡದ ಟ್ಯಾಂಕಿನಲ್ಲಿ ಹುಳಿ ಬರಿಸಿ ಆಮ್ಲ ತೆಗೆಯುತ್ತೇವೆ. ಅದು ಬಣ್ಣಕ್ಕೆ, ಸೆಂಟಿಗೆ, ಇನ್ನೂ ಏನೇನಕ್ಕೋ ಹೋಗುತ್ತದೆ. ಅದೇ ಚರಟವನ್ನು ನಮ್ಮ ಸುಗಟೂರಿನಲ್ಲಿ ಬೀರ್ ವೇಸ್ಟ್ ಅನ್ನುತ್ತಾರೆ, ಹಸುಗಳಿಗೆ ಹಾಕುತ್ತಾರೆ. ನಮ್ಮತ್ತೆಯ ಕೆಂದ ಹಸು ಅದನ್ನು ತಿಂದೇ ಬೆಳೆದದ್ದು. ಅದು ತಬ್ಬಲಿ ಕರುವಾಗಿದ್ದಾಗ ಅತ್ತೆ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡಿದ್ದರು. ಮಹಾ ಜಂಬದ ಹಸು, ಮನೆಯವರ ಕೈಯಲ್ಲಲ್ಲದೆ ಮೇವು ಮುಟ್ಟುತ್ತಿರಲಿಲ್ಲ.

ಟ್ಯಾಂಕ್ ಶುರುವಾಗಲು ಹೆಪ್ಪು ಬೇಕಿತ್ತು. ಚರಟ ತಿಂದು ರೂಢಿಯಾದ ಹಸುವಿನ ಹಸಿ ಸೆಗಣಿಯಾದರೆ ಅದರೊಳಗಿನ ಸೂಕ್ಷ್ಮಜೀವಿಗಳು ಬೇಗ ಹತ್ತಿಕೊಳ್ಳುತ್ತವೆ ಎಂದರು ಎಂಜಿನಿಯರ್. ಅವರನ್ನು ನಾನೇ ಮನೆಗೆ ಕರೆತಂದೆ. ಅವತ್ತು ಶುಕ್ರವಾರ. ಶುಕ್ರವಾರ ನಮ್ಮ ಮನೆಯ ಸೆಗಣಿಯನ್ನು ಯಾರಿಗೂ ಕೊಡುವುದಿಲ್ಲ, ಜೊತೆಗೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಅಂತ. ಅತ್ತೆ ಎಂಜಿನಿಯರ್ ಕೈಯಲ್ಲಿದ್ದ ಖಾಲಿ ಬಕೆಟ್ಟನ್ನು ನೋಡಿದರು, ನನ್ನ ಮುಖ ನೋಡಿದರು.

"ನಿನ್ ಕೆಲಸದ್ ವಿಷ್ಯ ಅಂತೀಯ. ತಗೊಂಡೋಗು," ಎಂದು ಬಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟರು.

ಟ್ಯಾಂಕ್ ಚೆನ್ನಾಗಿ ನಡೆಯಿತು. ಇನ್ನೆರಡು ಟ್ಯಾಂಕುಗಳು ಬಂದವು. ಬೀರು ಕಾರ್ಖಾನೆಯ ಚರಟವೆಲ್ಲ ನಮ್ಮ ಫ್ಯಾಕ್ಟರಿಗೇ ಬರತೊಡಗಿ, ಸುಗಟೂರಿಗೆ ಅದನ್ನು ತರುತ್ತಿದ್ದ ಲಾರಿ ನಿಂತಿತು. ವಯಸ್ಸಾಗಿದ್ದ ಹಸು ಒಣಹುಲ್ಲು, ಬೂಸಾ ಏನಿಟ್ಟರೂ ಮೂಸಿ ಮುಖ ತಿರುಗಿಸುತ್ತಿತ್ತು. ಒಂದೇ ಒಂದು ಚೀಲ ಚರಟ ಕೊಡಿ ಎಂದು ನಮ್ಮ ಸ್ಟೋರಿನವನ ಮುಂದೆ ಅಂಗಲಾಚಿದೆ.

"ಆಚೆ ಕೊಡಂಗಿಲ್ಲಮ್ಮ, ಆರ್ಡರ್ ಐತೆ," ಅಂದ. ಅವನ ಆರ್ಡರಿಗಿಷ್ಟು ಬೆಂಕಿ ಹಾಕ!

ಪಕ್ಕೆಲುಬು ಎದ್ದು ಕಾಣುವಂತಾದ ಹಸು ಒಂದು ಬೆಳಗ್ಗೆ ಏಳಲೇ ಇಲ್ಲ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಣ್ಣು ಮಾಡಿದೆವು. ಅತ್ತೆ ಖಾಲಿ ಗೊಂತಿನ ಮುಂದೆ ಕೂತುಬಿಟ್ಟರು.

"ಶುಕ್ರವಾರ ಕೊಟ್ಟೆ ನೋಡು, ಅದೇ ತಪ್ಪಾಗಿದ್ದು."

"ಶುಕ್ರವಾರಾನೂ ಇಲ್ಲ, ಮಣ್ಣೂ ಇಲ್ಲ! ಲಾರಿ ನಿಂತಿದ್ದಕ್ಕೆ ಹೋಯ್ತು ಕಣತ್ತೆ," ಎಂದು ರೇಗಿದೆ. ರೇಗಿದವಳಿಗೇ ಅಳು ಬಂತು. ಸಂಕಟ ತಡೆಯಲಾಗಲಿಲ್ಲ, ಅವರ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು: "ಆ ಟ್ಯಾಂಕಲ್ಲಿರೋ ಹೆಪ್ಪು ನಮ್ ಹಸುಂದೇ ಅಲ್ವೇನೇ?"

"ಹೂಂ."

"ಅದಕ್ಕೆ ದಿನಾ ಬೀರ್ ವೇಸ್ಟ್ ಹಾಕ್ತಾರಾ?"

"ಹಾಕ್ತಾರೆ, ಹೊಟ್ಟೆ ತುಂಬ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ನೀನೇ ಹಾಕು ಕಣೇ. ಬೇರೆಯೋರ್ ಕೈಯಲ್ಲಿ ತಿನ್ನಲ್ಲ ಅದು."